ವರಟೆಗೆಂದು ಬೇಡಿದ ನೀರು

ಆ ಬೆಳಿಗ್ಗೆ ಕೆರೆ ಏರಿಯ ಮೇಲಿದ್ದವರು ಮೂರೇ ಜನ. ತುಮಕೂರಿನಿಂದ ಮೊದಲ ಬಸ್ಸು ಹಿಡಿದು ಬಂದ ನಾನು. ಕುಣಿಗಲ್ಲಿನಿಂದ ಸ್ಕೂಟರಿನಲ್ಲಿ ಬಂದ ನಮ್ಮಕ್ಕನ ಗಂಡ, ಅಂದರೆ ನನ್ನ ಭಾವ. ಮತ್ತೆ ಆ ಕೆರೆಯ ನೀರುಗಂಟಿ. ಸಿ.ಎಸ್. ಪುರದ ಕಡೆಯ ಆ ಊರು ನನ್ನ ತವರು. ತೂಬು ಎತ್ತಿ ಗದ್ದೆಗೆ ನೀರು ಬಿಡುವುದು, ಸಾಕೆಂದಾಗ ಇಳಿಸುವುದು ನೀರುಗಂಟಿಯವರ ಮನೆತನದ ಕೆಲಸ. ಅವರನ್ನು ನಾನು ಚಿಕ್ಕಂದಿನಿಂದ ದೊಡ್ಡಯ್ಯ ಎಂದೇ ಕರೆದದ್ದು. ವೈಶಾಖದ ಬಿಸಿಲು ಆಗಲೇ ಏರುತ್ತಿತ್ತು. ಹೊಂಗೆ ಮರದ ಕೆಳಗೆ ಕೂತು ಫ್ಲಾಸ್ಕಿನ ಕಾಫಿ ಬಗ್ಗಿಸಿದೆ.

"ಕೆರೇಲಿರೋದಕ್ಕಿಂತ ನಿನ್ನ ಫ್ಲಾಸ್ಕಲ್ಲೇ ಜಾಸ್ತಿ ಐತಲ್ಲಮ್ಮ" ಎಂದರು ಭಾವ. ಅವರು ನಿವೃತ್ತ ವಿಜ್ಞಾನದ ಮೇಷ್ಟ್ರು. ಕೊರಳಲ್ಲಿ ಯಾವಾಗಲೂ ದುರ್ಬೀನು.

ತಮಾಷೆಗೆ ಅಂದದ್ದಾದರೂ ಸುಳ್ಳಲ್ಲ. ತೂಬಿನ ಮುಂದೆ ಒಂದು ಒಕ್ಕಣೆ ಕಣದಷ್ಟು ಜಾಗದಲ್ಲಿ ಕೆಸರು ನೀರು ನಿಂತಿತ್ತು. ಅದರಲ್ಲಿ ಎರಡು ವರಟೆ. ನಮ್ಮ ಸೀಮೆಯ ಕಾಡುಬಾತು ಅದು. ಕಂದು ಮೈ, ಮೀನಿನ ಹುರುಪೆಯಂತೆ ಅಂಚು ಕಟ್ಟಿದ ಗರಿ. ಕಪ್ಪು ಕೊಕ್ಕಿನ ತುದಿಗೆ ಅರಿಶಿನ ಮುಟ್ಟಿಸಿದ ಹಾಗೆ ಹಳದಿ, ಬುಡದಲ್ಲಿ ಎರಡು ಕೆಂಪು ಬೊಟ್ಟು. ಅರಿಶಿನ ಕುಂಕುಮ ಇಟ್ಟುಕೊಂಡು ಹುಟ್ಟಿದ ಹಕ್ಕಿ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ನನಗೆ ಮಾತು ಕಲಿಸಿದ್ದೇ ಆ ಅಜ್ಜಿ, ಅವಳ ಜೊತೆ ಜಗಲಿಯ ಮೇಲೆ ಕೂರುತ್ತಿದ್ದ ಇನ್ನಿಬ್ಬರು ಮುದುಕಿಯರು. ಅವರು ಬೈದರೂ ಇನ್ನೊಂದು ಸಲ ಬೈಯಲಿ ಅನ್ನಿಸುತ್ತಿತ್ತು.

ಅಜ್ಜಿಯ ಕಾಲದಲ್ಲಿ ಸಂಜೆ ವರಟೆಗಳು ಎದ್ದರೆ ಕೆರೆಯೇ ಎದ್ದ ಹಾಗೆ ಕಾಣುತ್ತಿತ್ತು. ಆಮೇಲೆ ಒಂದೊಂದಾಗಿ ಎಲ್ಲ ಶುರುವಾಯಿತು. ಕೆರೆಯಂಗಳದ ಜಾಲಿ ಕಡಿದರು. ಹುಲ್ಲು ಹೊಸದಾಗಿ ಚಿಗುರಲಿ ಎಂದು ಜೊಂಡಿಗೆ ಬೆಂಕಿ ಇಟ್ಟರು, ಜೊಂಡಿನೊಳಗಿದ್ದ ಮೊಟ್ಟೆಗಳೂ ಬೆಂದವು. ಎಲ್ಲಿಂದಲೋ ಬಂದವರು ವಿಷ ಬೆರೆಸಿದ ಭತ್ತ ಚೆಲ್ಲಿ, ಸತ್ತ ಹಕ್ಕಿಗಳನ್ನು ಚೀಲಕ್ಕೆ ತುಂಬಿಕೊಂಡು ಹೋದರು. ರಾತ್ರೋರಾತ್ರಿ ಟ್ರ್ಯಾಕ್ಟರುಗಳು ಮಣ್ಣು ಹೊತ್ತವು. ಕೋಳಿ ಅಂಗಡಿಯ ಕಸಕ್ಕೆ ಬಂದ ನಾಯಿಗಳು ಏರಿಯಲ್ಲೇ ಸಂಸಾರ ಹೂಡಿದವು. ಭಾವ ಪ್ರತಿ ವರ್ಷ ವರಟೆ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಬಂದರು. ಕೊನೆಕೊನೆಗೆ ಬರೆಯಲು ಏನೂ ಇರಲಿಲ್ಲ. ಈ ಎರಡು ಉಳಿದಿದ್ದವು.

ನಾವು ಸುಮ್ಮನೆ ಕೂತವರಲ್ಲ. ಭಾವ ಶಾಲೆಗೆ ಹೋಗಿ ಮಕ್ಕಳಿಗೆ ಹಕ್ಕಿ ತೋರಿಸಿದರು. ದೊಡ್ಡಯ್ಯ ಟ್ರ್ಯಾಕ್ಟರಿನವರ ಜೊತೆ ಜಗಳವಾಡಿ ಒಮ್ಮೆ ಏಟೂ ತಿಂದರು. ಜೊಂಡಿಗೆ ಬೆಂಕಿ ಇಡಬೇಡಿ ಎಂದು ನಾನು ಮನೆಮನೆಗೆ ಹೋಗಿ ಬೇಡಿಕೊಂಡೆ. ಬೆಂಕಿ ನಿಂತಿತು, ಅದು ದೊಡ್ಡ ಗೆಲುವು. ಆದರೆ ಮಳೆ ನಿಂತರೆ ಯಾರ ಕಾಲು ಹಿಡಿಯುವುದು?

"ನಾಲೆ ನೀರು ಬಿಡ್ಸಿ ಅಂತ ಒಂದು ಅರ್ಜಿ ಬರಿ" ಎಂದರು ಭಾವ. "ನಿನ್ನ ಬಾಯಿಗೆ ಕಲ್ಲೂ ಕರಗ್ತದೆ. ನಮ್ಮನೇಲಿ ನಿಮ್ಮಕ್ಕ ನಂಗೆ ಕಾಫಿ ಕೊಡೋದೇ ನೀನು ಹೇಳಿದ್ಮೇಲೆ."

"ಬರ್ಯವ್ವ" ಎಂದರು ದೊಡ್ಡಯ್ಯ. "ಎಲ್ಲಾ ಕೆರೆಗೂ ಹೇಮಾವತಿ ಬತ್ತಾಳೆ. ನಮ್ ಕೆರೆ ಏನ್ ಮಾಡಿತ್ತು?"

ಬರೆದೆ. ಅಜ್ಜಿ ಕಲಿಸಿದ ಮಾತನ್ನೆಲ್ಲ ಸುರಿದು ಬರೆದೆ. ತೆಂಗಿನ ಸುಳಿ ಒಣಗುತ್ತಿರುವುದನ್ನು ಬರೆದೆ, ದನ ಕರು ಬರೆದೆ. ಕೊನೆಯಲ್ಲಿ, ಈ ಎರಡು ವರಟೆಗಳು ನಮ್ಮ ಕೆರೆಯ ಕೊನೆಯ ಒಕ್ಕಲು, ಇವು ಎದ್ದು ಹೋದರೆ ಮತ್ತೆ ಬರುವವರಿಲ್ಲ ಎಂದು ಬರೆದೆ. ಊರಿನವರೆಲ್ಲ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಓದಿ ಹೇಳಿದಾಗ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ನನಗೂ ಒಳಗೊಳಗೆ ಹೆಮ್ಮೆ. ನೀರು ಬರಲಿ ಎಂದು ಬರೆದೆನೇ ಹೊರತು ಯಾವಾಗ ಬರಬೇಕು, ಯಾವಾಗ ಬರಬಾರದು ಎಂದು ಒಂದು ಸಾಲೂ ಬರೆಯಲಿಲ್ಲ. ನಮ್ಮ ಸೀಮೆಯಲ್ಲಿ ನೀರು ಯಾವಾಗ ಬಂದರೂ ಒಳ್ಳೆಯದೇ ಎಂದು ನಂಬಿ ಬೆಳೆದವರು ನಾವು.

ಬೇಸಿಗೆಯಲ್ಲಿ ಬರಲಿಲ್ಲ. ಶ್ರಾವಣದಲ್ಲೂ ಬರಲಿಲ್ಲ. ಭಾದ್ರಪದದಲ್ಲಿ ನಾಲ್ಕು ಮಳೆ ಬಿದ್ದು ಕೆರೆಯ ಹೊಟ್ಟೆಯಲ್ಲಿ ಸ್ವಲ್ಪ ನೀರು ನಿಂತಿತು, ಸುತ್ತ ಜೊಂಡು ಎದ್ದಿತು. ದೀಪಾವಳಿ ಕಳೆದ ವಾರ ದೊಡ್ಡಯ್ಯ ಫೋನು ಮಾಡಿ, ಗುಟ್ಟು ಹೇಳುವವರಂತೆ ದನಿ ತಗ್ಗಿಸಿದರು. "ಮೊಟ್ಟೆ ಮಡಗೈತೆ ಕಣವ್ವ. ಹತ್ತು. ಯಾರ್ಗೂ ಹೇಳ್ಬ್ಯಾಡ."

ಹೋಗಿ ದೂರದಿಂದ ನೋಡಿದೆ. ನೀರಿನ ಅಂಚಿನಲ್ಲಿ, ನೆಲದ ಮೇಲೆಯೇ, ಜೊಂಡು ಮಡಿಸಿ ಮಾಡಿದ ಗೂಡು. ಹೆಣ್ಣು ತನ್ನ ಎದೆಯ ತುಪ್ಪಳ ಕಿತ್ತು ಹಾಸಿತ್ತು. ನಾಯಿ ನುಗ್ಗದಂತೆ ದೊಡ್ಡಯ್ಯ ಸುತ್ತಲೂ ಜಾಲಿ ಮುಳ್ಳು ಒಡ್ಡಿದ್ದರು. ಈ ಹತ್ತು ಒಡೆದು ಮರಿಯಾದರೆ ಕೆರೆಯಲ್ಲಿ ಮತ್ತೆ ವರಟೆ ಉಳಿಯುತ್ತವೆ. ನಮ್ಮ ಅಷ್ಟೂ ವರ್ಷದ ಓಡಾಟ ಆ ಗೂಡಿನಲ್ಲಿತ್ತು.

ಎಂಟನೆಯ ದಿನ ಬೆಳಿಗ್ಗೆ ಮತ್ತೆ ಫೋನು.

"ಅವ್ವಾ, ನಾಲೆ ನೀರು ಬಂತು."

"ಅಯ್ಯೋ ಎಂಥ ಸಂತೋಷ ದೊಡ್ಡಯ್ಯ!"

"ಸಂತೋಸ ಅನ್ಬ್ಯಾಡ ಕಣವ್ವ. ಗೂಡು ಅಂಚಲ್ಲೈತೆ. ನೀರು ಅಲ್ಲಿಗೇ ಬತ್ತಾ ಐತೆ."

ಸ್ನಾನಕ್ಕೆಂದು ಬಿಚ್ಚಿದ ಜಡೆಯನ್ನು ಹಾಗೇ ಗಂಟು ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಓಡಿದೆ. ಗುಬ್ಬಿಯಲ್ಲಿ ಇಳಿದು ಆಟೊ ಹಿಡಿದು ಊರು ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು. ಹೆಂಗಸರು ಮೊರದ ಬಾಗಿನ ಹಿಡಿದು, ತಲೆ ತುಂಬ ಹೂ ಮುಡಿದು ಬಂದಿದ್ದರು. ನನ್ನನ್ನು ಕಂಡದ್ದೇ ಒಬ್ಬಾಕೆ ಕೆನ್ನೆಗೆ ಅರಿಶಿನ ಹಚ್ಚಿದಳು. "ನಿಮ್ಮ ಅರ್ಜಿಯಿಂದ ಬಂದ್ಲು ಕಣಕ್ಕಾ ಗಂಗಮ್ಮ!"

ಭಾವ ನನಗಿಂತ ಮುಂಚೆ ಬಂದು ಪ್ಯಾಂಟು ಮಡಿಸಿಕೊಂಡು ನಿಂತಿದ್ದರು. ಮುಖದಲ್ಲಿ ತಮಾಷೆ ಇರಲಿಲ್ಲ. "ಗೂಡಿಗೂ ನೀರಿಗೂ ಎರಡು ಮಾರು ಅಷ್ಟೇ. ಸಂಜೆಯೊಳಗೆ ಮುಟ್ಟುತ್ತೆ."

ಊರಿನವರನ್ನು ಕೇಳಿದೆ. ಹದಿನೈದು ದಿನ ತೂಬು ಎತ್ತಿಬಿಡೋಣ, ಮರಿ ಒಡೆದ ಮೇಲೆ ಇಳಿಸೋಣ, ಕೆರೆ ಆಮೇಲೆ ತುಂಬಲಿ ಎಂದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಕ್ಕರು. ತೆಂಗಿನ ತೋಟದ ಒಬ್ಬರು ಮುಂದೆ ಬಂದರು.

"ಏನಕ್ಕಾ, ನೀವೇ ಬರ್ದು ತರ್ಸಿ, ನೀವೇ ಹೊರಕ್ಕೆ ಬುಡಿ ಅಂತೀರಾ? ನಾಲೆಯೋರು ಎಷ್ಟ್ ದಿನ ಕೊಡ್ತಾರೋ ಏನೋ. ನಾಳೆ ನಿಲ್ಸಿದ್ರೆ ನಾನ್ ಯಾರ್ನ ಕೇಳ್ಲಿ, ನಿಮ್ ಬಾತ್ನ?"

ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗೆ ಇವತ್ತಿಗೂ ಆಗಿಲ್ಲ. ಅವರ ತೋಟದ ಸುಳಿ ಒಣಗಿದ್ದನ್ನು ನಾನೇ ಅರ್ಜಿಯಲ್ಲಿ ಬರೆದಿದ್ದೆ.

ದೊಡ್ಡಯ್ಯನ ಮುಖ ನೋಡಿದೆ. ಅವರು ನೆಲ ನೋಡಿದರು. "ತೂಬು ಮುಟ್ಟೋನು ನಾನೇಯ. ಎತ್ತು ಅನ್ನೋದು ಊರು. ನಮ್ಮಪ್ಪನೂ ಊರ್ ಮಾತು ಮೀರಿ ಎತ್ನಿಲ್ಲ."

ಆಮೇಲೆ ನಾವು ಮೂವರೂ ನೀರಿಗಿಳಿದೆವು. ಹೆಣ್ಣು ವರಟೆ ಗೂಡು ಬಿಟ್ಟು ಎದ್ದು, ತಲೆಯ ಮೇಲೆ ಒಂದು ಸುತ್ತು ಹಾರಿ, ಕೂಗುತ್ತ ದೂರ ಹೋಗಿ ಕೂತಿತು. ದೊಡ್ಡಯ್ಯ ಎರಡು ಬಾಳೆ ದಿಂಡು ಜೋಡಿಸಿ ಕತ್ತದ ಹಗ್ಗದಲ್ಲಿ ಬಿಗಿದು ತೆಪ್ಪ ಕಟ್ಟಿದರು. ಗೂಡನ್ನು ಬುಡದ ಮಣ್ಣಿನ ಸಮೇತ ಎತ್ತಿ ಅದರ ಮೇಲೆ ಇಟ್ಟು, ತೆಪ್ಪ ತೇಲಿ ಹೋಗದಂತೆ ಗೂಟಕ್ಕೆ ಕಟ್ಟಿದೆವು. ನಮ್ಮ ಕೈಯಲ್ಲಿ ಮೊಟ್ಟೆಗಳು ಬೆಚ್ಚಗಿದ್ದವು. ಕೆಲಸ ಮುಗಿಸಿ ಏರಿಯ ಮೇಲೆ ಕೂತು ಕಾದೆವು. ನಮ್ಮ ಹಿಂದೆ ಪೂಜೆಯ ಗಂಟೆ, ಪಟಾಕಿ. ಹೆಣ್ಣು ಎರಡು ಸಲ ಹತ್ತಿರ ಈಜಿ ಬಂತು, ತೆಪ್ಪದ ಸುತ್ತ ತಿರುಗಿತು, ಪಟಾಕಿ ಸಿಡಿದಾಗ ಹಿಂದಕ್ಕೆ ಹೋಯಿತು. ಕತ್ತಲಾದರೂ ಹತ್ತಲಿಲ್ಲ.

ಬೆಳಿಗ್ಗೆ ಮೊಟ್ಟೆಗಳು ತಣ್ಣಗಿದ್ದವು. ಭಾವ ಅರಣ್ಯದವರಿಗೆ ಫೋನು ಮಾಡಿದರು. ನಿಮ್ಮ ಕೈಲಾದದ್ದು ಮಾಡಿ ಎಂದರು ಅವರು. ದೊಡ್ಡಯ್ಯನ ಹೆಂಡತಿ ಮೊಟ್ಟೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಕಾವಿಗೆ ಕೂತಿದ್ದ ಹುಂಜಿಲ್ಲದ ಒಂಟಿ ಹ್ಯಾಟೆ ಕೋಳಿಯ ಕೆಳಗೆ ಇಟ್ಟರು. "ಇವ್ಕೆ ತ್ಯಾವ ಬೇಕು" ಎಂದು ದಿನವೂ ಅಂಗೈಯಲ್ಲಿ ನೀರು ಚಿಮುಕಿಸಿದರು. ಹ್ಯಾಟೆ ಮೊಟ್ಟೆಗಳು ತನ್ನವೇ ಎಂಬಂತೆ ನಿಷ್ಠೆಯಿಂದ ಕೂತಿತು. ನಾನು ವಾರಕ್ಕೆ ಎರಡು ಸಲ ಹೋಗುತ್ತಿದ್ದೆ.

ಹದಿನಾರನೆಯ ದಿನ ಒಂದು ಮೊಟ್ಟೆಯಲ್ಲಿ ಬಿರುಕು ಕಂಡಿತು. ಕಿವಿಗೆ ಹಿಡಿದರೆ ಒಳಗೆ ಸಣ್ಣಗೆ ಕುಕ್ಕುವ ಸದ್ದು. ದೊಡ್ಡಯ್ಯ, ಅವರ ಹೆಂಡತಿ, ನಾನು ಬುಟ್ಟಿಯ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಯಾರೂ ಊಟಕ್ಕೆ ಏಳಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ ಸದ್ದು ನಿಂತಿತು. ನಾವು ಒಡೆಯೋಣವೇ ಎಂದು ನಾನು ಕೇಳಿದೆ, ಆಯಮ್ಮ ಬೇಡವೆಂದು ತಲೆಯಾಡಿಸಿದರು. ಸಂಜೆಗೆ ಒಡೆದು ನೋಡಿದಾಗ ಮರಿ ಪೂರ್ತಿ ಬೆಳೆದಿತ್ತು. ಕೊಕ್ಕಿನ ತುದಿ ಬಿರುಕಿಗೇ ತಾಗಿತ್ತು. ಉಳಿದ ಒಂಬತ್ತರಲ್ಲಿ ಮರಿ ಬೆಳೆದೇ ಇರಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ಪಕ್ಕದ ಸೀಟಿನ ಹೆಂಗಸು, ನಿಮ್ಮೂರ ಕೆರೆ ತುಂಬಿತಂತಲ್ಲ, ಪುಣ್ಯವಂತರು ಎಂದಳು. ಹೌದು ಎಂದೆ. ನಿಜವಾಗಿಯೂ ಕೆರೆ ತುಂಬಿ ಕೋಡಿ ಹರಿದಿತ್ತು. ಬಾವಿಗಳಲ್ಲಿ ನೀರು ಏರಿತ್ತು, ತೆಂಗಿನ ಸುಳಿ ಹಸಿರಾಗಿತ್ತು. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ಅಷ್ಟೆಲ್ಲ ಮಾತು ಕಲಿತವಳು ಬಸ್ಸಿನ ಟಿಕೆಟ್ಟನ್ನು ಸಣ್ಣಗೆ ಮಡಿಸುತ್ತ ಕೂತೆ.

ಕೆರೆ ತುಂಬಿದ ವರ್ಷ ಮೀನಿನ ಹರಾಜು ಆಗುವುದು ವಾಡಿಕೆ. ಆ ವರ್ಷವೂ ಆಯಿತು. ಶಿವರಾತ್ರಿಗೆ ಮುಂಚೆ ಗುತ್ತಿಗೆಯವರು ಅಡ್ಡಬಲೆ ಬಿಟ್ಟರು. ಬೆಳಿಗ್ಗೆ ಎಳೆದಾಗ ಮೀನಿನ ಜೊತೆ ಒಂದು ವರಟೆ ಸಿಕ್ಕಿತ್ತು, ನೀರಿನಲ್ಲೇ ಉಸಿರು ಕಟ್ಟಿ ಸತ್ತಿತ್ತು. ಗಂಡು ಹೆಣ್ಣು ಎರಡೂ ಒಂದೇ ಥರ ಇರುವುದರಿಂದ ಅದು ಯಾವುದೆಂದು ದೊಡ್ಡಯ್ಯನಿಗೆ ಹೇಳಲಾಗಲಿಲ್ಲ. ಅವರು ಕಾಲಿಗೆ ಸುತ್ತಿದ್ದ ಎಳೆಗಳನ್ನು ಬಿಡಿಸಿ, ಏರಿಯ ಬುಡದಲ್ಲಿ ಗುಂಡಿ ತೋಡಿ ಮಣ್ಣು ಮಾಡಿದರು. ಉಳಿದ ಇನ್ನೊಂದು ವರಟೆ ನಾಲ್ಕು ದಿನ ಕೆರೆಯ ಮೇಲೆ ಹಾರಾಡಿ, ಐದನೆಯ ದಿನ ಹೆಬ್ಬೂರಿನ ದಿಕ್ಕಿಗೆ ಹೋಯಿತಂತೆ.