ಅಕ್ಕ ಎತ್ತಿ ಕುಡಿದ ಗಾಳಿ

ಹೋದ ತಿಂಗಳು ಒಂದು ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಮ್ಮಕ್ಕನ ಹೊಟ್ಟೆ ಝಗಝಗ ಹೊಳೆಯುತ್ತಿತ್ತು.

ಉತ್ಪ್ರೇಕ್ಷೆಯಲ್ಲ. ಆಸ್ಪತ್ರೆಯ ಕಂಪ್ಯೂಟರ್ ಪರದೆಯ ಮೇಲೆ ನಾನೇ ನೋಡಿದೆ. ಬಾಯಿಯ ಜಾಗದಲ್ಲಿ ಕೆಂಪು, ಹೊಟ್ಟೆಯ ಜಾಗದಲ್ಲಿ ಹಳದಿ. ನಡುವೆ ಶ್ವಾಸಕೋಶಗಳಿರಬೇಕಾದ ಕಡೆ? ಬರೀ ಕತ್ತಲು. ಅಲ್ಲೊಂದು ಇಲ್ಲೊಂದು ಚುಕ್ಕಿ, ಅಷ್ಟೆ.

ಅಕ್ಕ ಕನ್ನಡಕ ಏರಿಸಿಕೊಂಡು ಕೇಳಿದಳು: “ಡಾಕ್ಟ್ರೇ, ನನಗಿರೋದು ಆಸ್ತಮಾ. ಔಷಧಿ ಹೊಟ್ಟೆಗ್ಯಾಕೆ ಹೋಗಿದೆ?”

“ಅದನ್ನ ನೀವೇ ಹೇಳ್ಬೇಕಮ್ಮ,” ಎಂದರು ಡಾಕ್ಟರು.

ಸ್ವಲ್ಪ ಹಿಂದಿನಿಂದ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯುವುದಿಲ್ಲ. ನಮ್ಮ ಸುಮಿತ್ರಕ್ಕ ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಡ್ರಿಲ್ ಟೀಚರ್. ಮದುವೆ ಬೇಡ, ಮೈದಾನ ಸಾಕು ಅಂದವಳು. ಗವಿಪುರದ ನಮ್ಮ ಮನೆಯಲ್ಲೇ ಇದ್ದಾಳೆ. ನಾನು, ನನ್ನ ಹೆಂಡತಿ, ನಮ್ಮ ಇಬ್ಬರು ಹೆಣ್ಣುಮಕ್ಕಳ ಜೊತೆ. ಅವಳು ವಿಷಲ್ ಊದಿದರೆ ಪಕ್ಕದ ರಸ್ತೆಯ ಸೈಕಲ್‌ಗಳೂ ನಿಲ್ಲುತ್ತಿದ್ದವು ಎಂದು ಅವಳ ಹಳೆಯ ವಿದ್ಯಾರ್ಥಿನಿಯರು ಇವತ್ತಿಗೂ ಹೇಳುತ್ತಾರೆ. ಆ ಅಕ್ಕನಿಗೆ ನಾಲ್ಕು ವರ್ಷದಿಂದ ಆಸ್ತಮಾ. ವಿಷಲ್ ಹೋಗಿ ಚಪ್ಪಾಳೆ ಬಂತು. ಈ ವರ್ಷ ಚಪ್ಪಾಳೆ ತಟ್ಟಿದರೂ ಏದುಸಿರು.

ಸೆಪ್ಟೆಂಬರಿನಲ್ಲಿ ಹೆಡ್‌ಮಿಸ್ಟ್ರೆಸ್ ಕರೆದು, “ದಸರಾ ರಜಾ ಆದ್ಮೇಲೆ ಲೈಬ್ರರಿ ನೋಡ್ಕೊಳ್ಳಿ ಸುಮಿತ್ರಾ. ಕೂತ್ಕೊಂಡು ಮಾಡೋ ಕೆಲಸ,” ಎಂದು ಬೀಗದ ಕೈ ಕೊಟ್ಟರು. ರಿಟೈರ್‌ಮೆಂಟ್‌ಗೆ ಇನ್ನೆರಡು ವರ್ಷ. ಒಳ್ಳೆಯ ಮನಸ್ಸಿನಿಂದಲೇ ಕೊಟ್ಟದ್ದು, ಅನುಮಾನವಿಲ್ಲ. ಆದರೆ ಅಕ್ಕ ಅವತ್ತು ಊಟ ಮಾಡಲಿಲ್ಲ.

ನಾವೇನೂ ಸುಮ್ಮನೆ ಕೂತಿರಲಿಲ್ಲ ಬಿಡಿ. ಮೂವರು ಡಾಕ್ಟರನ್ನು ಬದಲಾಯಿಸಿದೆವು. ಕಾಂಗ್ರೆಸ್ ಗಿಡವನ್ನು ಬೈದೆವು, ಆಟೋ ಹೊಗೆಯನ್ನು ಬೈದೆವು, ಗಾಂಧಿಬಜಾರಿನ ಹೂವಿನ ಸಾಲನ್ನೂ ಬೈದೆವು. ಮೊಸರು ನಿಲ್ಲಿಸಿದೆವು. ಪಂಪು ಹೋಗಿ ದೊಡ್ಡ ಪಂಪು ಬಂತು. (ಇನ್‌ಹೇಲರ್‌ಗೆ ನಮ್ಮ ಮನೆಯಲ್ಲಿ ಪಂಪು ಅಂತಲೇ ಹೆಸರು. ‘ಪಂಪು ಅಂದ್ರೆ ಕೊನೇ ಸ್ಟೇಜಂತೆ’ ಎಂದು ಪಿಸುಗುಟ್ಟಿದ ನೆಂಟರಿಗೂ ಕೊರತೆಯಿಲ್ಲ.) ಕೊನೆಗೆ ಮೂರನೇ ಡಾಕ್ಟರು, ಇನ್ನು ಸ್ಟೆರಾಯ್ಡ್ ಮಾತ್ರೆ ಶುರುಮಾಡಬೇಕು, ಮುಖ ಸ್ವಲ್ಪ ಊದಬಹುದು ಎಂದರು.

ಆಗ ತಿಳಿದದ್ದು ಒಂದು ಅಧ್ಯಯನದ ವಿಷಯ. ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಆಸ್ತಮಾದವರನ್ನು ಹುಡುಕುತ್ತಿದ್ದರು. ಪಂಪಿನ ಔಷಧಿಗೆ ಒಂದಿಷ್ಟೇ ಇಷ್ಟು ರೇಡಿಯೋ ಆಕ್ಟಿವ್ ಪದಾರ್ಥ ಬೆರೆಸುತ್ತಾರೆ. ರೋಗಿ ಅದನ್ನು ಎಳೆದುಕೊಂಡ ಮೇಲೆ ದೊಡ್ಡ ಕ್ಯಾಮೆರಾದ ಮುಂದೆ ಕೂರಿಸುತ್ತಾರೆ. ಔಷಧಿ ಒಳಗೆ ಎಲ್ಲೆಲ್ಲಿ ಹೋಗಿ ಕೂತಿದೆಯೋ ಅಲ್ಲೆಲ್ಲ ಚಿತ್ರದಲ್ಲಿ ಬೆಳಕು. ಎಷ್ಟು ಸರಳ, ಅಲ್ಲವೇ?

ನನ್ನ ಹೆಂಡತಿಗೆ ಸರಳ ಅನ್ನಿಸಲಿಲ್ಲ. “ರೇಡಿಯೋ ಆಕ್ಟಿವ್ ಅಂದ್ರೆ ಅಣುಬಾಂಬಿನದಲ್ವೇನ್ರೀ?” ಎಂದು ನನ್ನನ್ನು ಅಡುಗೆಮನೆಗೆ ಕರೆದು ಕೇಳಿದಳು. ಅಕ್ಕನಿಗೆ ಕೇಳಿಸಿಯೇಬಿಟ್ಟಿತು.

“ಮೂವತ್ತು ವರ್ಷ ಬಿಸಿಲಲ್ಲಿ ನಿಂತಿದೀನಿ. ಒಂದು ಕ್ಯಾಮೆರಾ ಮುಂದೆ ಕೂರೋಕೆ ಭಯಾನಾ? ಲೈಬ್ರರಿಗೆ ಹೋಗೋ ಮುಂಚೆ ಯಾಕೆ ಹೋಗ್ತಿದೀನಿ ಅಂತ ನನಗೆ ಗೊತ್ತಾಗ್ಬೇಕು,” ಎಂದಳು. ಫಾರಂಗೆ ಸಹಿ ಬಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಪಂಪು ಕೈಗೆ ಕೊಟ್ಟು, “ಮನೇಲಿ ಹೇಗೆ ತಗೋತೀರೋ ಹಾಗೇ ತಗೊಳ್ಳಿ. ನಾವು ಏನೂ ಹೇಳಿಕೊಡಲ್ಲ,” ಎಂದರು. ಅಕ್ಕ ನೆಟ್ಟಗೆ ಕೂತಳು. ಮುಖ ಮೇಲೆತ್ತಿದಳು. ಬಾಯಿ ಅಗಲವಾಗಿ ತೆರೆದಳು. ಪಂಪನ್ನು ತುಟಿಯಿಂದ ಒಂದು ಗೇಣು ಮೇಲೆ ಹಿಡಿದು ಪುಸ್ ಎಂದು ಒತ್ತಿದಳು. ಬಾಯಿ ಮುಚ್ಚಿ ಗುಟುಕ್ಕನೆ ನುಂಗಿದಳು!

ಡಾಕ್ಟರ ಪೆನ್ನು ಒಂದು ಕ್ಷಣ ನಿಂತಿತು. ಆದರೂ ತಿದ್ದಲಿಲ್ಲ. ಅಧ್ಯಯನದ ನಿಯಮ ಹಾಗಂತೆ. ಅಕ್ಕನನ್ನು ಕ್ಯಾಮೆರಾದ ಎರಡು ಹಲಗೆಗಳ ನಡುವೆ ಕೂರಿಸಿ, ಅಲ್ಲಾಡಬೇಡಿ ಎಂದರು. ಆಮೇಲೆ ಬಂದದ್ದೇ ಆ ಹೊಳೆಯುವ ಹೊಟ್ಟೆಯ ಚಿತ್ರ.

“ಯಾಕಮ್ಮ ಅಷ್ಟು ಮೇಲಿಂದ ಹಾಕ್ಕೋತೀರಿ?”

“ಎಂಜಲಾಗುತ್ತಲ್ಲ!” ಎಂದಳು ಅಕ್ಕ, ಇದೂ ಒಂದು ಪ್ರಶ್ನೆಯೇ ಎಂಬಂತೆ.

ನಮ್ಮ ಮನೆಯಲ್ಲಿ ಲೋಟ ತುಟಿಗೆ ತಾಗಿದ್ದನ್ನು ನಾನು ಕಂಡಿಲ್ಲ. ಎತ್ತಿ ಕುಡಿ ಎಂದು ಅಮ್ಮ ತಲೆಗೆ ಮೊಟಕಿ ಕಲಿಸಿದ್ದು. (ಸೋಡಾ ಬಾಟಲಿಯನ್ನೂ ಎತ್ತಿಯೇ ಕುಡಿದು ಅಂಗಿ ನೆನೆಸಿಕೊಂಡವನು ನಾನು.) ಪಂಪನ್ನು ಬಾಯಿಗಿಟ್ಟು, ಅದೇ ಎಂಜಲನ್ನು ಕುಂಕುಮದ ಡಬ್ಬಿಯಿರುವ ಬ್ಯಾಗಿಗೆ ಹಾಕುವುದುಂಟೇ? ಹಾಗಾಗಿ ಅಕ್ಕ ನಾಲ್ಕು ವರ್ಷ ಗಾಳಿಯನ್ನೂ ನೀರಿನಂತೆ ಎತ್ತಿ ಕುಡಿದಿದ್ದಾಳೆ. ಎರಡು ಪಫ್ ತಗೊಳ್ಳಿ ಎಂದು ಬರೆದ ಮೂವರು ಡಾಕ್ಟರೂ ಹೇಗೆ ಎಂದು ಕೇಳಿರಲಿಲ್ಲ. ಡಬ್ಬಿಯೊಳಗಿನ ಚೀಟಿಯನ್ನು ನಾವು ಬಿಡಿಸಿಯೇ ಇರಲಿಲ್ಲ.

ನನಗೆ ನಗು ಬಂತು. ನಕ್ಕೂಬಿಟ್ಟೆ. ಅಕ್ಕ ನಗಲಿಲ್ಲ. ಪರದೆಯ ಮೇಲಿನ ಆ ಕಪ್ಪು ಜಾಗವನ್ನೇ ನೋಡುತ್ತ, “ನಾಲ್ಕು ವರ್ಷ,” ಎಂದಳು. ನನಗೆ ನಾಚಿಕೆಯಾಯಿತು. ಆಮೇಲೆ ಡಾಕ್ಟರ ಕಡೆ ತಿರುಗಿದಳು.

“ಹೇಗೆ ತಗೋಬೇಕು, ತೋರಿಸಿ. ಎಂಜಲಿಗೂ ಏನಾದ್ರೂ ದಾರಿ ಹೇಳಿ.”

“ಔಷಧಿ ಡಬ್ಬಿ ತೆಗೆದಿಟ್ಟು ಪ್ಲಾಸ್ಟಿಕ್ ಕವಚ ತೊಳೆದು ಒಣಗಿಸಿ. ಮುಗೀತಲ್ಲ,” ಎಂದರು ಡಾಕ್ಟರು. ನಾಲ್ಕು ವರ್ಷದ ಸಮಸ್ಯೆಗೆ ನಲ್ಲಿ ನೀರಿನ ಪರಿಹಾರ!

ದಸರಾ ರಜೆ ಪೂರ್ತಿ ನಮ್ಮ ಮನೆಯ ತಾರಸಿಯಲ್ಲಿ ಡ್ರಿಲ್ ನಡೆಯಿತು. ಟೀಚರೂ ಅಕ್ಕನೇ, ವಿದ್ಯಾರ್ಥಿನಿಯೂ ಅಕ್ಕನೇ. ಔಷಧಿಯಿಲ್ಲದ ಖಾಲಿ ಪಂಪು ಹಿಡಿದು ತನಗೆ ತಾನೇ ಆರ್ಡರ್ ಕೊಟ್ಟುಕೊಳ್ಳುತ್ತಿದ್ದಳು. ಒನ್, ಕುಲುಕು. ಟೂ, ಉಸಿರು ಪೂರ್ತಿ ಬಿಡು. ತ್ರೀ, ತುಟಿ ಬಿಗಿ. ಫೋರ್, ಒತ್ತುತ್ತಲೇ ನಿಧಾನವಾಗಿ ಎಳೆ. ಫೈವ್, ಹತ್ತು ಎಣಿಸುವ ತನಕ ಹಿಡಿ. ಮೂರನೆಯದರಲ್ಲಿ ಎಡವುತ್ತಿದ್ದಳು. ತುಟಿಗೆ ಪ್ಲಾಸ್ಟಿಕ್ ತಾಗಿದೊಡನೆ ತಲೆ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಐವತ್ತಾರು ವರ್ಷದ ಅಭ್ಯಾಸ, ಕೇಳಬೇಕೇ? ಕೊನೆಗೆ ತಲೆಯನ್ನು ನೀರಿನ ಟ್ಯಾಂಕಿಗೆ ಆನಿಸಿ ನಿಂತಳು. “ಈಗ ಎಲ್ಲಿಗೆ ಹೋಗುತ್ತೆ ನೋಡ್ತೀನಿ,” ಎಂದು ತನ್ನ ತಲೆಗೇ ಸವಾಲು ಹಾಕಿದಳು.

ರಜೆಯ ಕೊನೆಯಲ್ಲಿ ಎರಡನೇ ಚಿತ್ರ. ಅದೇ ಕ್ಯಾಮೆರಾ, ಅದೇ ಔಷಧಿ. ಈ ಸಲ ಹೊಟ್ಟೆ ಮಂಕು. ಎರಡೂ ಕಡೆ ಶ್ವಾಸಕೋಶದ ಆಕಾರ ಬೆಳಕಿನಲ್ಲಿ ಮೂಡಿತ್ತು. ಅಕ್ಕ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿ, “ಇದು ನಂದೇನಾ?” ಎಂದು ಎರಡು ಸಲ ಕೇಳಿದಳು. ನನ್ನ ಕಣ್ಣು ಒದ್ದೆಯಾಯಿತು, ಮುಚ್ಚಿಡುವುದೇನು.

ಪವಾಡವೇನೂ ಆಗಿಲ್ಲ. ಚಳಿ ಬಿದ್ದರೆ ಈಗಲೂ ಎದೆ ಸುಯ್‌ಗುಟ್ಟುತ್ತದೆ. ಆದರೆ ಈ ಸೋಮವಾರ ಸ್ಕೂಲು ಶುರುವಾದಾಗ ಲೈಬ್ರರಿ ಬೀಗದ ಕೈಯನ್ನು ಹೆಡ್‌ಮಿಸ್ಟ್ರೆಸ್ ಮೇಜಿನ ಮೇಲಿಟ್ಟು, “ಇದನ್ನ ಬೇರೆಯವರಿಗೆ ಕೊಡಿ ಮೇಡಂ,” ಎಂದು ಮೈದಾನಕ್ಕೆ ಹೋದಳಂತೆ. ಎಂಟನೇ ಕ್ಲಾಸಿನ ಹುಡುಗಿಯರನ್ನು ಎರಡು ಸುತ್ತು ಓಡಿಸಿದಳಂತೆ. ಅರ್ಧ ಸುತ್ತು ತಾನೂ ಓಡಿದಳಂತೆ.

ಸಂಜೆ ಕಾಫಿ ಕುಡಿಯುವಾಗ ಕೇಳಿದೆ: “ಅಲ್ಲಕ್ಕಾ, ನಾಲ್ಕು ವರ್ಷ ಒಂದೇ ಮನೇಲಿದೀವಿ. ನೀನು ಹಾಗೆ ಮೇಲಿಂದ ಹಾಕ್ಕೊಳ್ಳೋದು ನಮ್ಮಲ್ಲಿ ಒಬ್ರಿಗೂ ಕಾಣಿಸ್ಲಿಲ್ವಲ್ಲ?”

“ಹೇಗೆ ಕಾಣ್ಸುತ್ತೋ? ನಾನು ಪಂಪ್ ತೆಗೆದ ತಕ್ಷಣ ನನಗೆ ಬೇಜಾರಾಗ್ಬಾರ್ದು ಅಂತ ನೀವೆಲ್ಲ ಗೋಡೆ ನೋಡ್ತಿದ್ರಿ,” ಎಂದಳು.

ಮನೆಯಲ್ಲಿ ಎಂಟು ಕಣ್ಣುಗಳಿದ್ದೂ, ನಮ್ಮಕ್ಕನನ್ನು ನೋಡಲು ಒಂದು ಕ್ಯಾಮೆರಾ ಬೇಕಾಯಿತು.