ನಿನ್ನ ನಾಯಿನ ತಗೊ ಎಂದಿದ್ದೆ

ಮೈಲಾರಪ್ಪನ ಒಕ್ಕಲಿನ ಬಂಧುಗಳೆ, ನನಗೆ ಅಕ್ಷರ ಬಾರದು. ನಾನು ಹೇಳುತ್ತೇನೆ, ಮಗಳು ಗಂಗವ್ವ ಬರೆಯುತ್ತಾಳೆ. ನಾನು ಹೇಳಹೊರಟ ಕಾಯಿಲೆಗೆ ಬಿದ್ದವಳೂ ಇವಳೇ.

ನಮ್ಮದು ಕೊಂಡಜ್ಜಿ ಕಡೆಯ ಕುರಿ ಮನೆತನ. ಹೊಸ ಮೈಸೂರು ರಾಜ್ಯವಾಗಿ ನಾಲ್ಕೈದು ವರ್ಷವಾಗಿತ್ತು. ಆ ಸುಗ್ಗಿಯಲ್ಲಿ ನಮ್ಮ ಕುರಿಗಳು ಒಂದರ ಹಿಂದೊಂದು ಕಂದು ಹಾಕಿದವು. ದಿನ ತುಂಬದೆ ಬಿದ್ದ ಮರಿಗಳನ್ನು ನಾನು ಹೂಳಲಿಲ್ಲ, ಹಟ್ಟಿ ಕಾಯುವ ನಾಯಿ ಕರಿಯನಿಗೆ ಹಾಕಿದೆ. ನಾಯಿ ಮೈಲಾರಪ್ಪನ ಪರಿವಾರ, ಅದು ಉಂಡರೆ ಅಪ್ಪ ಉಂಡಂತೆ ಎಂದು ನಮ್ಮತ್ತೆ ಕಲಿಸಿದ್ದರು. ಗಂಗವ್ವ ಕರಿಯನನ್ನು ತಬ್ಬಿಕೊಂಡೇ ಮಲಗುತ್ತಿದ್ದಳು.

ಯುಗಾದಿ ಹೊತ್ತಿಗೆ ಅವಳಿಗೆ ಜ್ವರ. ಸಂಜೆ ಏರುತ್ತಿತ್ತು, ಬೆಳಗ್ಗೆ ಬೆವರಿ ಇಳಿಯುತ್ತಿತ್ತು. ಕೀಲು ಹಿಡಿದು ನಡೆಯಲಾರದಾದಳು. ಮಲೇರಿಯಾ ಗುಳಿಗೆ, ತಾಯಿತ, ಯಾವುದೂ ನಾಟಲಿಲ್ಲ. ಒಂದು ಭಾನುವಾರ ಅಪ್ಪನ ಭಂಡಾರದ ಅರಿಸಿನ ಹಿಡಿದು ಬೇಡಿದೆ: "ಅಪ್ಪಾ, ಬೇಕಾದ್ರೆ ನಿನ್ನ ನಾಯಿನ ತಗೊ, ನನ್ನ ಕೂಸು ಉಳಿಸು." ಕರಿಯ ಬಾಗಿಲಲ್ಲೇ ಕೂತು ಬಾಲ ಆಡಿಸುತ್ತಿದ್ದ.

ಮರುದಿನ ದಾವಣಗೆರೆ ಆಸ್ಪತ್ರೆಗೆಂದು ಮಗಳನ್ನು ಹೊತ್ತು ಹರಿಹರದ ಬಸ್‌ಸ್ಟ್ಯಾಂಡಿಗೆ ಬಂದೆ. ಕರಿಯ ಕುಂಟುತ್ತ ಬೆನ್ನು ಹತ್ತಿದ. ಸಿಟ್ಟಿಗೆ ಕಲ್ಲು ಎತ್ತಿದೆ. ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು ತಡೆದರು. ದನದ ಆಸ್ಪತ್ರೆ ಡಾಕ್ಟರಂತೆ. ನಾಯಿಯ ಹಿಂಗಾಲ ನಡುವಿನ ಬಾವನ್ನು ಬಗ್ಗಿ ನೋಡಿದರು.

"ಹೊಡಿಬ್ಯಾಡಮ್ಮ. ನಿಮ್ಮ ಕುರಿ ಕಂದು ಹಾಕ್ತಾವೇನು?"

"ಹೂಂ ರೀ. ನಿಮಗೆ ಹೆಂಗೆ ಗೊತ್ತಾತು?"

"ಬಿದ್ದ ಮರಿ ಇದು ತಿಂದೈತಾ?"

"ನಾನೇ ಹಾಕೀನ್ರಿ."

ಅವರು ಮಗಳ ಹಣೆ ಮುಟ್ಟಿದರು. "ಇದರ ರಕ್ತನೂ ನೋಡಬೇಕು, ಕೂಸಿಂದೂ ನೋಡಬೇಕು. ನಾನೇ ಆಸ್ಪತ್ರೆಗೆ ಬರ್ತೀನಿ, ನಡೀರಿ."

ನಾಯಿ, ಮಗಳು ಇಬ್ಬರ ರಕ್ತದಲ್ಲೂ ಒಂದೇ ರೋಗ ಸಿಕ್ಕಿತು, ಕುರಿ ಕಂದು ಹಾಕಿಸುವ ರೋಗ. ಕುರಿಯಿಂದ ನಾಯಿಗೆ ಹತ್ತಿ, ನಾಯಿಯಿಂದ ಮಗಳಿಗೆ ಬಂದಿರಬೇಕು ಎಂದರು. ಸೂಜಿ, ಮಾತ್ರೆ ಬಹಳ ದಿನ ನಡೆದು ಗಂಗವ್ವ ಎದ್ದಳು. ಕರಿಯನನ್ನು ಮಾತ್ರ ಮತ್ತೆ ಹಟ್ಟಿಗೆ ಬಿಡುವಂತಿರಲಿಲ್ಲ, ಸೂಜಿ ಹಾಕಿ ಮತ್ತೆ ಏಳದಂತೆ ಮಲಗಿಸಿದರು. ಹಗ್ಗ ಹಿಡಿದು ಒಯ್ದವಳು ನಾನೇ. ಅವನು ನನ್ನ ಕೈ ನೆಕ್ಕಿದ. ಮಗಳಿಗೆ, ನಾಯಿ ಓಡಿಹೋಯಿತು ಎಂದಿದ್ದೆ.

ಇದನ್ನು ಬರೆಯುವಾಗ ಅವಳ ಕೈ ನಿಂತಿತು. "ಕರಿಯ ಓಡಿಹೋಗ್ಲಿಲ್ಲೇನವ್ವ?"

"ಇಲ್ಲ ಮಗಳೆ. ಬರಿ."

ಅಪ್ಪ ಕಿವುಡನಲ್ಲ. ಬೇಡಿದ್ದನ್ನು ಕೊಟ್ಟ, ಕೊಡುತ್ತೇನೆಂದದ್ದನ್ನು ತೆಗೆದುಕೊಂಡ. ಅವನ ಪಾದ ನಾನು ಬಿಡಲಾರೆ. ಬಂಧುಗಳೆ, ಬಿದ್ದ ಮರಿಯನ್ನು ಸುಣ್ಣ ಹಾಕಿ ಆಳಕ್ಕೆ ಹೂಳಿರಿ, ಹಟ್ಟಿ ನಾಯಿಯ ರಕ್ತ ತೋರಿಸಿರಿ. ಅದೂ ಅವನ ಸೇವೆಯೇ.

ಇಷ್ಟಾದ ಮೇಲೆ ಗಂಗವ್ವ ಭಂಡಾರದ ಬಟ್ಟಲು ತಂದಳು. ಹಚ್ಚಿಕೊಳ್ಳಲು ನನಗೆ ಕೈ ಏಳಲಿಲ್ಲ. ಅವಳೇ ನನ್ನ ಹಣೆಗೆ ಹಚ್ಚಿದಳು.