ಕಡವಿನ ಅಕ್ಕ ಗುರಿ ತಪ್ಪಿದ ದಿನ

ಹೊಳೆ ದಾಟುವ ಕಡವಿನಲ್ಲಿ ದೋಣಿ ನಡೆಸುವ ಹೆಂಗಸನ್ನು ಎರಡೂ ದಡದವರು ಅಕ್ಕ ಎನ್ನುತ್ತಾರೆ. ಅವಳಿಗಿಂತ ಹಿರಿಯರೂ ಅಷ್ಟೇ. ಆಚೆ ದಡದ ಮೆಟ್ಟಿಲಿಗೆ ಹೋಗಬೇಕಾದರೆ ಅವಳು ದೋಣಿಯ ಮೂತಿಯನ್ನು ಮೆಟ್ಟಿಲಿನತ್ತ ಹಿಡಿಯುವುದಿಲ್ಲ. ಅದಕ್ಕಿಂತ ಬಹಳ ಮೇಲಕ್ಕೆ, ಹೊಳೆ ಬರುವ ದಿಕ್ಕಿಗೆ ತಿರುಗಿಸಿ ಹುಟ್ಟು ಹಾಕುತ್ತಾಳೆ. ದಾಟುವಷ್ಟರಲ್ಲಿ ಸೆಳವು ದೋಣಿಯನ್ನು ಕೆಳಕ್ಕೆ ತಂದು ಮೆಟ್ಟಿಲಿಗೇ ಒಪ್ಪಿಸುತ್ತದೆ. ಎಷ್ಟು ಮೇಲಕ್ಕೆ ಎಂಬುದು ಆವತ್ತಿನ ನೀರಿನ ವೇಗಕ್ಕೆ ಬಿಟ್ಟದ್ದು. ಅದು ಅವಳ ಕೈಗೆ ಗೊತ್ತು.

ಕಡವಿನ ಕೆಳಗೆ ಅಣೆಕಟ್ಟು ಕಟ್ಟುವ ಮಾತು ಬಂದಾಗ ಯೋಜನೆಯ ಅಧಿಕಾರಿ ಅಕ್ಕನ ಮನೆಗೇ ಬಂದರು. ಹಿನ್ನೀರಿನಲ್ಲಿ ಮೋಟಾರು ಲಾಂಚು ಬಿಡುತ್ತೇವೆ, ನಡೆಸುವ ಕೆಲಸ ನಿಮಗೇ, ಸಾರ್ವಜನಿಕ ಸಭೆಯಲ್ಲಿ ಅಣೆಕಟ್ಟಿನ ಪರವಾಗಿ ಎರಡು ಮಾತಾಡಿ ಎಂದರು.

ಅಕ್ಕನ ಬಲಭುಜ ಹಿಡಿದುಕೊಂಡು ವರ್ಷವಾಗಿತ್ತು. ಕೈ ತಲೆಯವರೆಗೆ ಏಳುತ್ತಿರಲಿಲ್ಲ. ದರ್ಜಿಯಾಗಿದ್ದ ಗಂಡನೇ ಜಡೆ ಹಾಕುತ್ತಿದ್ದ.

"ಒಪ್ಕೊಳ್ಳೇ. ಕೂತ್ಕೊಂಡು ಚಕ್ರ ತಿರುಗಿಸೋದು, ತಿಂಗಳಾದ್ರೆ ಸಂಬಳ. ಭುಜಕ್ಕೆ ಆರಾಮಾದ್ರೆ ನನಗೂ ಜಡೆ ಕೆಲಸ ತಪ್ಪುತ್ತೆ."

"ನಿಮ್ಮ ಜಡೆ ನೋಡಿದ್ರೆ ತಪ್ಪೋದೇ ವಾಸಿ. ಇರಿ, ಒಂದ್ಸಲ ನಡೆಸಿ ನೋಡ್ತೀನಿ."

ಅಧಿಕಾರಿ ಅವಳನ್ನು ಇನ್ನೊಂದು ಹೊಳೆಯ ಹಳೇ ಅಣೆಕಟ್ಟಿನ ಹಿನ್ನೀರಿಗೆ ಕರೆದೊಯ್ದರು. ಅಲ್ಲಿಯ ಲಾಂಚಿನವನು ಚಕ್ರ ಬಿಟ್ಟುಕೊಟ್ಟ. ಆಚೆ ದಡದಲ್ಲಿ ಜನ ಇಳಿಯುವ ಕಟ್ಟೆಗೆ ಹೊರಟ ಅಕ್ಕ ಅಭ್ಯಾಸಬಲದಿಂದ ಮೂತಿಯನ್ನು ಮೇಲಕ್ಕೆ ಹಿಡಿದಳು. ಕೆಳಕ್ಕೆ ತರುವ ಸೆಳವು ಅಲ್ಲಿರಲಿಲ್ಲ. ಲಾಂಚು ನೆಟ್ಟಗೆ ಹೋಗಿ ದೂರದ ಪೊದೆಗೆ ಮುಖ ತೂರಿಸಿತು.

"ಅಕ್ಕಾ, ಕಟ್ಟೆ ಆ ಕಡೆ! ಇಲ್ಲಿ ಯಾರ ಮನೆಗೆ ಹೊರಟ್ರಿ?" ಲಾಂಚಿನವನು ಹೊಟ್ಟೆ ಹಿಡಿದುಕೊಂಡು ನಕ್ಕ.

ಅಕ್ಕನೂ ನಕ್ಕಳು. ಎರಡನೇ ಸಲವೂ ಕೈ ಮೇಲಕ್ಕೇ ಹೋಯಿತು. ಮೂರನೇ ಸಲ ಕಟ್ಟೆಯನ್ನೇ ನೋಡುತ್ತಾ ನೇರ ನಡೆಸಿದಳು; ತಲುಪಿತು.

"ಕಲಿತೇಬಿಟ್ರಲ್ಲ!"

"ಇಲ್ಲಿ ಮುಂಚೆ ಸೆಳವು ಯಾವ ಕಡೆ ಜೋರಿತ್ತು?"

"ಯಾರಿಗ್ ಗೊತ್ತು, ನಾನು ಬಂದಾಗಿಂದ ಹೀಗೇ."

"ದೋಣಿ ಹಾಕ್ತಿದ್ದೋರು?"

"ಇದ್ರಂತೆ."



ಸಭೆಯಲ್ಲಿ ಅವಳ ಸರದಿ ಬಂದಾಗ ಅಧಿಕಾರಿ ಮುಗುಳ್ನಕ್ಕು ಮೈಕು ಕೊಟ್ಟರು.

"ಲಾಂಚು ನಡೆಸೋಕೆ ನನಗೆ ಬರುತ್ತೆ," ಎಂದಳು. "ಮೂರನೇ ಸಲಕ್ಕೇ ಬಂತು. ಅದಕ್ಕೇ ಭಯ ಆಯ್ತು ನೋಡಿ. ನನ್ನ ಕೈಯೇ ಇಷ್ಟು ಬೇಗ ಹೊಳೆ ಮರೆತ್ರೆ, ಹುಟ್ಟೋ ಮಕ್ಕಳಿಗೆ ಇಲ್ಲೊಂದು ಹೊಳೆ ಇತ್ತು ಅಂತ ಹೇಳೋರು ಯಾರು? ಅಣೆಕಟ್ಟು ಬೇಡ. ನನಗೆ ಆ ಕೆಲಸಾನೂ ಬೇಡ."

ಅಣೆಕಟ್ಟಿನ ತೀರ್ಮಾನ ಇನ್ನೂ ಆಗಿಲ್ಲ. ಲಾಂಚಿನ ಕೆಲಸವಂತೂ ಆವತ್ತೇ ಹೋಯಿತು. ಗಂಡ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಅಂಗಡಿ ಮುಚ್ಚಿ ಕಡವಿಗೆ ಬಂದು, ಅವಳ ಕೈಯಿಂದ ಹುಟ್ಟು ಕಿತ್ತುಕೊಂಡ.

"ಆ ಕಡೆ ಸರ್ಕೋ. ಭುಜ ಹೋದ್ಮೇಲೆ ಹೊಳೆ ಇದ್ದು ಏನು ಮಾಡ್ತೀಯ? ಹೇಳ್ಕೊಡು."

ದೋಣಿ ಇದ್ದಲ್ಲೇ ಎರಡು ಸುತ್ತು ಸುತ್ತಿತು.

"ರೀ, ಅದು ಹೊಲಿಗೆ ಯಂತ್ರ ಅಲ್ಲ," ಎಂದು ಅಕ್ಕ ನಗುತ್ತಾ ಅವನ ಕೈ ಮೇಲೆ ಕೈ ಇಟ್ಟಳು.